ದೇಶಗಳ ಇಂಗಾಲದ ಲೆಕ್ಕ, ಉಪಗ್ರಹದ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೇಶಗಳು ತಾವೇ ಬರೆದುಕೊಡುವ ಹೊರಸೂಸುವಿಕೆಯ ಲೆಕ್ಕವನ್ನು ಬಾಹ್ಯಾಕಾಶದಿಂದ ಪರೀಕ್ಷಿಸಬಹುದು ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಅದರಲ್ಲಿ ನಿಜವೂ ಇದೆ, ಉತ್ಪ್ರೇಕ್ಷೆಯೂ ಇದೆ. ಎರಡನ್ನೂ ಬೇರ್ಪಡಿಸಿ ನೋಡಬಯಸುವವರಿಗಾಗಿ ಈ ಉತ್ತರಗಳು.

ಒಂದು ದೇಶ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂಬುದನ್ನು ಉಪಗ್ರಹ ನೇರವಾಗಿ ಅಳೆಯಬಲ್ಲದೇ?

ಇಲ್ಲ. ಗಾಳಿಯಲ್ಲಿ ಈಗ ಎಷ್ಟು ಅನಿಲ ಇದೆ ಎಂಬುದನ್ನಷ್ಟೇ ಉಪಗ್ರಹ ಅಳೆಯುತ್ತದೆ. ಯಾರು ಎಷ್ಟು ಬಿಟ್ಟರು ಎಂಬುದನ್ನು ಅಲ್ಲಿಂದ ಲೆಕ್ಕ ಹಾಕಿ ತೆಗೆಯಬೇಕು. ಜಲಾಶಯದ ನೀರಿನ ಮಟ್ಟ ನೋಡಿ ಯಾವ ಹಳ್ಳದಿಂದ ಎಷ್ಟು ನೀರು ಬಂತೆಂದು ಹೇಳಲು ಹೊರಟ ಹಾಗೆ. ಹೇಳುವುದು ಅಸಾಧ್ಯವಲ್ಲ. ಆದರೆ ಮಳೆ ಎಷ್ಟಾಯಿತು, ಎಷ್ಟು ಇಂಗಿತು, ತೂಬಿನಿಂದ ಎಷ್ಟು ಹೊರಹೋಯಿತು ಎಂಬುದೆಲ್ಲ ಗೊತ್ತಿರಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ತಪ್ಪು ಹಳ್ಳದ ಹೆಸರು ಹೇಳುತ್ತೇವೆ.

ಈಗ ದೇಶಗಳು ಲೆಕ್ಕ ಬರೆಯುವುದು ಹೇಗೆ?

ಕಾಗದದ ಮೇಲೆ. ಎಷ್ಟು ಕಲ್ಲಿದ್ದಲು, ಎಷ್ಟು ಡೀಸೆಲ್, ಎಷ್ಟು ಅನಿಲ ಉರಿಯಿತು, ಎಷ್ಟು ಸಿಮೆಂಟ್ ತಯಾರಾಯಿತು ಎಂಬ ಅಂಕಿಅಂಶವನ್ನು ಪ್ರತಿ ಘಟಕಕ್ಕೆ ಎಷ್ಟು ಅನಿಲ ಹೊರಬೀಳುತ್ತದೆ ಎಂಬ ಗುಣಾಂಕದಿಂದ ಗುಣಿಸುತ್ತಾರೆ. ವಿಧಾನವನ್ನು ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ತನ್ನ 2006ರ ಮಾರ್ಗಸೂಚಿಯಲ್ಲಿ ವಿವರಿಸಿದೆ. 2019ರಲ್ಲಿ ಅದಕ್ಕೆ ಪರಿಷ್ಕರಣೆ ಬಂತು. ಗಾಳಿಯಲ್ಲಿ ಮಾಡಿದ ಅಳತೆಗಳ ಜೊತೆ ಲೆಕ್ಕಪಟ್ಟಿಯನ್ನು ಹೋಲಿಸಿ ನೋಡುವುದು ಹೇಗೆ ಎಂಬ ವಿಸ್ತೃತ ಮಾರ್ಗದರ್ಶನ ಅದರಲ್ಲಿದೆ. ಆದರೆ ಹೋಲಿಸಲೇಬೇಕು ಎಂಬ ಕಡ್ಡಾಯವಿಲ್ಲ.

2015ರ ಪ್ಯಾರಿಸ್ ಒಪ್ಪಂದದ 13ನೇ ವಿಧಿಯ ಪ್ರಕಾರ ಬಹುತೇಕ ಎಲ್ಲ ದೇಶಗಳೂ ಎರಡು ವರ್ಷಕ್ಕೊಮ್ಮೆ ಪಾರದರ್ಶಕತೆಯ ವರದಿ ಕೊಡಬೇಕು. ಮೊದಲ ವರದಿಗೆ 2024ರ ಡಿಸೆಂಬರ್ 31 ಗಡುವಾಗಿತ್ತು. ತೀರಾ ಸಣ್ಣ ದ್ವೀಪರಾಷ್ಟ್ರಗಳಿಗೆ ಮತ್ತು ಅತಿ ಕಡಿಮೆ ಅಭಿವೃದ್ಧಿ ಹೊಂದಿದ ದೇಶಗಳಿಗೆ ಸಡಿಲಿಕೆ ಇದೆ.

ಕಾಗದದ ಲೆಕ್ಕ ಎಷ್ಟು ತಪ್ಪಿರಬಹುದು?

ಅಂಕಿಅಂಶದ ವ್ಯವಸ್ಥೆ ಗಟ್ಟಿಯಾಗಿರುವ ದೇಶಗಳಲ್ಲಿ ಕಲ್ಲಿದ್ದಲು, ತೈಲ, ಅನಿಲ ಉರಿಸಿದ್ದರ ಲೆಕ್ಕ ಶೇಕಡಾ 5ರ ಆಚೀಚೆ ಸರಿಯಿರುತ್ತದೆ. ಇಂಧನಕ್ಕೆ ಬೆಲೆಯಿದೆ, ತೆರಿಗೆಯಿದೆ, ರಸೀದಿಯಿದೆ. ಅದನ್ನು ಅಳೆಯದೆ ಯಾರೂ ಮಾರುವುದಿಲ್ಲ. ಉಪಗ್ರಹದ ಕಡೆಯವರು ಒಪ್ಪಿಕೊಳ್ಳಲು ಹಿಂಜರಿಯುವ ಸಂಗತಿ ಇದು: ತಪಾಸಣೆಗೆ ಒಳಗಾಗುವ ಕಾಗದದ ಲೆಕ್ಕ, ತಪಾಸಣೆ ಮಾಡುವ ಅಳತೆಗಿಂತ ಎಷ್ಟೋ ಸಲ ಹೆಚ್ಚು ನಿಖರ.

ದೊಡ್ಡ ಗೊಂದಲಗಳೂ ಆಗಿವೆ. 2010ರ ಚೀನಾದ ಪ್ರಾಂತ್ಯಗಳ ಲೆಕ್ಕಗಳನ್ನು ಸಂಶೋಧಕರು ಕೂಡಿಸಿದಾಗ, ರಾಷ್ಟ್ರೀಯ ಅಂಕಿಅಂಶದಿಂದ ಬರುವ ಮೊತ್ತಕ್ಕಿಂತ 140 ಕೋಟಿ ಟನ್ ಹೆಚ್ಚು ಬಂತು. ಒಂದೇ ದೇಶ, ಒಂದೇ ವರ್ಷ, ಎರಡು ಉತ್ತರ. 2015ರಲ್ಲಿ ಚೀನಾ ತನ್ನ ಹಿಂದಿನ ವರ್ಷಗಳ ಕಲ್ಲಿದ್ದಲು ಬಳಕೆಯ ಅಂಕಿಯನ್ನು ಮೇಲಕ್ಕೆ ತಿದ್ದಿತು. 2012ರ ಅಂಕಿಯೊಂದೇ ಸುಮಾರು ಶೇಕಡಾ 17ರಷ್ಟು ಏರಿತು. ಅದೇ ವರ್ಷ ಇನ್ನೊಂದು ಅಧ್ಯಯನ, ಚೀನಾದ ಗಣಿಗಳ ಕಲ್ಲಿದ್ದಲಿನ ಮಾದರಿಗಳನ್ನು ಪರೀಕ್ಷಿಸಿ, ಅದರಲ್ಲಿ ಇಂಗಾಲದ ಅಂಶ ಎಲ್ಲರೂ ಬಳಸುತ್ತಿದ್ದ ಗುಣಾಂಕಕ್ಕಿಂತ ಬಹಳ ಕಡಿಮೆ ಎಂದು ತೋರಿಸಿತು. ಒಂದು ತಿದ್ದುಪಡಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಈ ಮೂರನ್ನೂ ಹೊರತೆಗೆದದ್ದು ಅಂಕಿಅಂಶದ ಕಡತಗಳು ಮತ್ತು ಪ್ರಯೋಗಾಲಯ. ಉಪಗ್ರಹಕ್ಕೆ ಇಲ್ಲಿ ಯಾವ ಪಾತ್ರವೂ ಇರಲಿಲ್ಲ.

ಹಾಗಾದರೆ ಉಪಗ್ರಹ ನೋಡುವುದು ಏನನ್ನು?

ಬಿಸಿಲನ್ನು. ಸೂರ್ಯನ ಬೆಳಕು ಗಾಳಿಯನ್ನು ದಾಟಿ ನೆಲಕ್ಕೆ ಬಿದ್ದು, ಪ್ರತಿಫಲಿಸಿ ಮತ್ತೆ ಮೇಲೇರುತ್ತದೆ. ಆ ಹಾದಿಯಲ್ಲಿ ಇಂಗಾಲದ ಡೈಆಕ್ಸೈಡ್ ಅವಕೆಂಪು ಬೆಳಕಿನ ಕೆಲವು ನಿರ್ದಿಷ್ಟ ತರಂಗಗಳನ್ನು ಹೀರಿಕೊಳ್ಳುತ್ತದೆ, ಮುಖ್ಯವಾಗಿ 1.6 ಮತ್ತು 2.06 ಮೈಕ್ರೋಮೀಟರ್ ಸುತ್ತಮುತ್ತ. ಬೆಳಕಿನಲ್ಲಿ ಎಷ್ಟು ಕೊರತೆಯಾಗಿದೆ ಎಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ. ಜೊತೆಗೆ 0.76 ಮೈಕ್ರೋಮೀಟರ್ ಬಳಿ ಆಮ್ಲಜನಕದ ಹೀರಿಕೆಯನ್ನೂ ಅಳೆಯುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆ ಒಂದೇ ಆಗಿರುವುದರಿಂದ, ಬೆಳಕು ಎಷ್ಟು ಗಾಳಿಯನ್ನು ದಾಟಿ ಬಂತು ಎಂಬುದು ಅದರಿಂದ ಗೊತ್ತಾಗುತ್ತದೆ.

ಕೊನೆಗೆ ಸಿಗುವ ಸಂಖ್ಯೆ ನೆಲದಿಂದ ವಾತಾವರಣದ ತುದಿಯವರೆಗಿನ ಇಡೀ ಗಾಳಿಗಂಬದ ಸರಾಸರಿ. ಅದನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಅಣುಗಳಲ್ಲಿ ಎಷ್ಟು ಎಂದು ಹೇಳುತ್ತಾರೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯಲ್ಲಿ ಸುಮಾರು 280 ಪಿಪಿಎಂ ಇತ್ತು. ಈಗ 420 ದಾಟಿದೆ.

ಈ ಕೆಲಸದಲ್ಲಿರುವ ಉಪಗ್ರಹಗಳು ಯಾವುವು?

ಯುರೋಪಿನ ಎನ್ವಿಸ್ಯಾಟ್ ಉಪಗ್ರಹದ ಮೇಲಿದ್ದ ಸಿಯಾಮ್ಯಾಕಿ ಉಪಕರಣ 2002ರಿಂದ 2012ರವರೆಗೆ ದಾರಿ ತೋರಿಸಿತು. ಹಸಿರುಮನೆ ಅನಿಲಗಳಿಗೆಂದೇ ಹಾರಿದ ಮೊದಲ ಉಪಗ್ರಹ ಜಪಾನಿನ ಗೋಸ್ಯಾಟ್; 2009ರ ಜನವರಿಯಲ್ಲಿ ಕಕ್ಷೆ ಸೇರಿತು. ಅದರ ಮುಂದಿನ ತಿಂಗಳೇ ಅಮೆರಿಕದ ಓಸಿಒ ಉಡಾವಣೆಯಾಯಿತು, ಆದರೆ ರಾಕೆಟ್ಟಿನ ಮೂತಿಯ ಕವಚ ಕಳಚಿಕೊಳ್ಳದೆ ಕಕ್ಷೆಗೇ ತಲುಪಲಿಲ್ಲ. ಅದರ ಪಡಿಯಚ್ಚಿನಂತಿದ್ದ ಓಸಿಒ-2 ಹಾರಿದ್ದು 2014ರ ಜುಲೈನಲ್ಲಿ. ಉಳಿದಿದ್ದ ಬಿಡಿಭಾಗಗಳಿಂದ ಕಟ್ಟಿದ ಓಸಿಒ-3 2019ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಚೀನಾದ ಟ್ಯಾನ್‌ಸ್ಯಾಟ್ 2016ರಲ್ಲಿ, ಗೋಸ್ಯಾಟ್-2 2018ರಲ್ಲಿ ಹಾರಿದವು. 2025ರ ಜೂನ್‌ನಲ್ಲಿ ಜಪಾನಿನ ಗೋಸ್ಯಾಟ್-ಜಿಡಬ್ಲ್ಯೂ, ಜುಲೈನಲ್ಲಿ ಫ್ರಾನ್ಸಿನ ಮೈಕ್ರೋಕಾರ್ಬ್ ಈ ಸಾಲಿಗೆ ಸೇರಿವೆ.

ಇವುಗಳಲ್ಲಿ ಮೊದಮೊದಲು ಹಾರಿದವನ್ನು ದೇಶಗಳ ವರದಿಯನ್ನು ಪರೀಕ್ಷಿಸಲೆಂದು ಕಟ್ಟಲಿಲ್ಲ ಎಂಬುದು ನೆನಪಿರಲಿ. ಮೊದಲ ತಲೆಮಾರಿನ ಉದ್ದೇಶವೇ ಬೇರೆ: ಮನುಷ್ಯ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧದಷ್ಟನ್ನು ಕಾಡು ಮತ್ತು ಕಡಲು ಹೀರಿಕೊಳ್ಳುತ್ತವಲ್ಲ, ಎಲ್ಲಿ, ಎಷ್ಟು ಎಂದು ಹುಡುಕುವುದು.

ಇಷ್ಟೆಲ್ಲ ಇದ್ದೂ ದೇಶದ ಮಟ್ಟದ ಲೆಕ್ಕ ಏಕೆ ಕಷ್ಟ?

ಒಂದು ಸರಳ ಲೆಕ್ಕ ಮಾಡಿ ನೋಡೋಣ. ಸಾವಿರ ಕಿ.ಮೀ. ಉದ್ದ, ಸಾವಿರ ಕಿ.ಮೀ. ಅಗಲದ ಒಂದು ದೇಶ ವರ್ಷಕ್ಕೆ 100 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂದುಕೊಳ್ಳಿ. ಸಣ್ಣ ಮೊತ್ತವೇನಲ್ಲ, ಇಷ್ಟು ಬಿಡುವ ದೇಶಗಳು ಬೆರಳೆಣಿಕೆಯಷ್ಟೇ ಇವೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಆ ದೇಶವನ್ನು ಎರಡೂಕಾಲು ದಿನದಲ್ಲಿ ದಾಟುತ್ತದೆ. ಅಷ್ಟು ಹೊತ್ತಿನಲ್ಲಿ ಆ ಗಾಳಿಗೆ ಪ್ರತಿ ಚದರ ಮೀಟರಿಗೆ ಆರು ಗ್ರಾಂನಷ್ಟು ಅನಿಲ ಸೇರುತ್ತದೆ. ಪ್ರತಿ ಚದರ ಮೀಟರಿನ ಮೇಲೆ ನಿಂತಿರುವ ಗಾಳಿಗಂಬದ ತೂಕ ಹತ್ತು ಟನ್ನಿಗೂ ಹೆಚ್ಚು. ಹೀಗಾಗಿ ಗಾಳಿ ಗಡಿ ದಾಟಿ ಹೊರಹೋಗುವಾಗ ಆಗಿರುವ ಏರಿಕೆ ಸುಮಾರು 0.4 ಪಿಪಿಎಂ. 420ಕ್ಕೂ ಹೆಚ್ಚಿರುವ ಹಿನ್ನೆಲೆಯಲ್ಲಿ ಸೊನ್ನೆ ಬಿಂದು ನಾಲ್ಕು!

ಆ ದೇಶದ ವರದಿ ಶೇಕಡಾ 10ರಷ್ಟು ತಪ್ಪಾಗಿದೆಯೇ ಎಂದು ಹೇಳಬೇಕಾದರೆ 0.04 ಪಿಪಿಎಂ ವ್ಯತ್ಯಾಸವನ್ನು ಹಿಡಿಯಬೇಕು. ಉಪಗ್ರಹದ ಒಂದು ಅಳತೆಯ ದೋಷವೇ ಅರ್ಧದಿಂದ ಒಂದು ಪಿಪಿಎಂ. ಸಾವಿರಾರು ಅಳತೆಗಳ ಸರಾಸರಿ ತೆಗೆದರೆ ಯಾದೃಚ್ಛಿಕ ದೋಷ ಕರಗುತ್ತದೆ ನಿಜ. ಆದರೆ ದೂಳು, ತೆಳುಮೋಡ, ನೆಲದ ಹೊಳಪು ಇವುಗಳಿಂದ ಒಂದೇ ದಿಕ್ಕಿಗೆ ವಾಲುವ ದೋಷ ಎಷ್ಟು ಸರಾಸರಿ ತೆಗೆದರೂ ಹೋಗುವುದಿಲ್ಲ. ಮರಳುಗಾಡಿನ ಮೇಲೆ ಒಂದು ಬಗೆ, ದಟ್ಟ ಕಾಡಿನ ಮೇಲೆ ಇನ್ನೊಂದು ಬಗೆ. ಇದನ್ನು ಸರಿಪಡಿಸಲು ನೆಲದ ಮೇಲಿನಿಂದ ಸೂರ್ಯನನ್ನೇ ನೋಡುತ್ತಾ ಅದೇ ಗಾಳಿಗಂಬವನ್ನು ಅಳೆಯುವ ಟಿಸಿಕಾನ್ ಎಂಬ ಜಾಲವಿದೆ, 2004ರಿಂದ ನಡೆಯುತ್ತಿದೆ. ಜಗತ್ತಿನಾದ್ಯಂತ ಅದರ ಕೇಂದ್ರಗಳು ಕೆಲವೇ ಕೆಲವು.

ಇಷ್ಟಕ್ಕೇ ಮುಗಿಯಲಿಲ್ಲ. ಬೆಳೆಯುವ ಋತುವಿನಲ್ಲಿ ಗಿಡಮರಗಳು ದಿನಕ್ಕೆ ಹೀರುವ, ಬಿಡುವ ಪ್ರಮಾಣ ಕಾರ್ಖಾನೆಗಳದ್ದನ್ನು ಮೀರಿಸುತ್ತದೆ. ಆ ಏರಿಳಿತದ ಗದ್ದಲದ ನಡುವೆ ಕಾರ್ಖಾನೆಯ ದನಿಯನ್ನು ಹುಡುಕಬೇಕು.

ಮೋಡ ಕವಿದರೆ?

ಅಳತೆಯೇ ಇಲ್ಲ. ರಾತ್ರಿಯೂ ಇಲ್ಲ, ಧ್ರುವದ ಸಮೀಪದ ದೇಶಗಳಲ್ಲಿ ಚಳಿಗಾಲದಲ್ಲೂ ಇಲ್ಲ. ಓಸಿಒ-2 ದಿನಕ್ಕೆ ಸುಮಾರು ಹತ್ತು ಲಕ್ಷ ಅಳತೆ ತೆಗೆಯುತ್ತದೆ, ಬಳಕೆಗೆ ಉಳಿಯುವುದು ಅದರ ಹತ್ತನೇ ಒಂದು ಭಾಗದಷ್ಟು. ಜೊತೆಗೆ ಅದು ನೋಡುವುದು ಸುಮಾರು 10 ಕಿ.ಮೀ. ಅಗಲದ ಪಟ್ಟಿಯನ್ನು ಮಾತ್ರ, ಅದೇ ಜಾಗಕ್ಕೆ ಮರಳುವುದು 16 ದಿನಗಳ ನಂತರ, ಅದೂ ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಎರಡು ಪಟ್ಟಿಗಳ ನಡುವಿನ ಊರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಳೆಗಾಲ ದೀರ್ಘವಾಗಿರುವ ಉಷ್ಣವಲಯದಲ್ಲಿ, ಅಂದರೆ ಕಾಡಿನ ಲೆಕ್ಕ ಅತಿ ಹೆಚ್ಚು ಅನುಮಾನಾಸ್ಪದವಾಗಿರುವ ಕಡೆಯೇ, ದತ್ತಾಂಶ ಅತಿ ವಿರಳ.

ಗಾಳಿಯಲ್ಲಿರುವ ಪ್ರಮಾಣದಿಂದ ಹೊರಸೂಸುವಿಕೆಗೆ ಹಿಂದಕ್ಕೆ ಹೋಗುವುದು ಹೇಗೆ?

ಮೊದಲು ಒಂದು ಅಂದಾಜು ಇಟ್ಟುಕೊಳ್ಳುತ್ತಾರೆ: ಎಲ್ಲೆಲ್ಲಿ ಎಷ್ಟು ಅನಿಲ ಹೊರಬೀಳುತ್ತದೆ, ಎಲ್ಲಿ ಹೀರಲ್ಪಡುತ್ತದೆ ಎಂದು. ಅದನ್ನು ಹವಾಮಾನ ಮಾದರಿಯ ಗಾಳಿಯಲ್ಲಿ ಹರಿಯಬಿಟ್ಟು, ಉಪಗ್ರಹ ಏನನ್ನು ಕಾಣಬೇಕಿತ್ತು ಎಂದು ಲೆಕ್ಕ ಹಾಕುತ್ತಾರೆ. ನಿಜವಾಗಿ ಕಂಡದ್ದರ ಜೊತೆ ಅದು ಹೊಂದದಿದ್ದರೆ ಅಂದಾಜನ್ನು ತಿದ್ದುತ್ತಾರೆ. ಎಷ್ಟು ತಿದ್ದಬೇಕು ಎಂಬುದು ಅಳತೆಯನ್ನು ಎಷ್ಟು ನಂಬುತ್ತೇವೆ, ಅಂದಾಜನ್ನು ಎಷ್ಟು ನಂಬುತ್ತೇವೆ ಎಂಬುದರ ಮೇಲೆ ನಿಂತಿದೆ. ಇದನ್ನು ವಿಲೋಮ ಮಾದರಿ ಎನ್ನುತ್ತಾರೆ.

ಎಚ್ಚರ ಬೇಕಾದದ್ದು ಇಲ್ಲೇ. ಜಾಗತಿಕ ವಿಲೋಮ ಲೆಕ್ಕಗಳಲ್ಲಿ ಬಹುಪಾಲು, ಪಳೆಯುಳಿಕೆ ಇಂಧನದ ಹೊರಸೂಸುವಿಕೆಯನ್ನು ಗೊತ್ತಿರುವ ಸಂಖ್ಯೆಯೆಂದು ಮೊದಲೇ ಕಟ್ಟಿಹಾಕಿ, ಉಳಿದ ಏರಿಳಿತವನ್ನೆಲ್ಲ ಕಾಡು, ನೆಲ, ಕಡಲಿನ ಖಾತೆಗೆ ಹಾಕುತ್ತವೆ. ಆ ಗೊತ್ತಿರುವ ಸಂಖ್ಯೆ ಎಲ್ಲಿಂದ ಬಂತು? ದೇಶಗಳ ಇಂಧನ ಅಂಕಿಅಂಶದಿಂದಲೇ! 2023ರಲ್ಲಿ ಓಸಿಒ-2 ದತ್ತಾಂಶ ಬಳಸಿ ನೂರಕ್ಕೂ ಹೆಚ್ಚು ದೇಶಗಳ 2015ರಿಂದ 2020ರವರೆಗಿನ ಇಂಗಾಲದ ಆಯವ್ಯಯವನ್ನು ಪ್ರಕಟಿಸಿದಾಗ, ಉಪಗ್ರಹ ಎಲ್ಲ ದೇಶಗಳ ಹೊರಸೂಸುವಿಕೆಯನ್ನು ಅಳೆದೇಬಿಟ್ಟಿತು ಎಂದು ಹಲವರು ತಿಳಿದರು. ಅದು ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೆ ಅದು ಹೇಳಿದ ಹೊಸ ಸಂಗತಿ ನೆಲ ಮತ್ತು ಕಾಡುಗಳ ಇಂಗಾಲದ ಬಗ್ಗೆ. ಕಲ್ಲಿದ್ದಲಿನ ಲೆಕ್ಕವನ್ನು ಅದು ಒಪ್ಪಿಕೊಂಡೇ ಆರಂಭಿಸಿತ್ತು. ಇಂಥ ಫಲಿತಾಂಶ ತೋರಿಸಿ ಒಂದು ದೇಶದ ಇಂಧನ ಲೆಕ್ಕ ಸರಿಯಿದೆ ಎಂದರೆ, ದೇಶದ ಅಂಕಿಯನ್ನು ಅದೇ ಅಂಕಿಯಿಂದ ಪರೀಕ್ಷಿಸಿದಂತಾಯಿತು.

ಮರ ಬಿಟ್ಟದ್ದು ಯಾವುದು, ಕಲ್ಲಿದ್ದಲು ಬಿಟ್ಟದ್ದು ಯಾವುದು ಎಂದು ಬೇರ್ಪಡಿಸಲಾಗದೇ?

ನೆಲದ ಮೇಲೆ ಸಾಧ್ಯ. ಕೋಟಿಗಟ್ಟಲೆ ವರ್ಷ ಹೂತಿದ್ದ ಇಂಧನದಲ್ಲಿ ವಿಕಿರಣಶೀಲ ಇಂಗಾಲ-14 ಉಳಿದಿರುವುದಿಲ್ಲ, ಜೀವಂತ ಮರದಲ್ಲಿ ಇರುತ್ತದೆ. ಬಾಟಲಿಯಲ್ಲಿ ಗಾಳಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಿದರೆ ಪಳೆಯುಳಿಕೆ ಇಂಧನದ ಪಾಲು ತಿಳಿಯುತ್ತದೆ. ಬಾಹ್ಯಾಕಾಶದಿಂದ ಇದನ್ನು ನೋಡಲಾಗದು.

ಉಪಗ್ರಹದ ಬಳಿ ಇರುವ ಉಪಾಯ ನೈಟ್ರೋಜನ್ ಡೈಆಕ್ಸೈಡ್. ಹೆಚ್ಚಿನ ತಾಪದಲ್ಲಿ ಇಂಧನ ಉರಿದಾಗ ಅದೂ ಜೊತೆಗೇ ಹುಟ್ಟುತ್ತದೆ. ಗಾಳಿಯಲ್ಲಿ ಕೆಲವೇ ಗಂಟೆ ಉಳಿಯುವುದರಿಂದ ಹಿನ್ನೆಲೆ ಸ್ವಚ್ಛವಾಗಿರುತ್ತದೆ, ಸ್ಥಾವರದ ಹೊಗೆಯ ಬಾಲ ಎದ್ದು ಕಾಣುತ್ತದೆ. 2017ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಇದನ್ನು ದಿನಾಲೂ ಅಳೆಯುತ್ತಿದೆ. ತೊಂದರೆಯೆಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಎಷ್ಟು ನೈಟ್ರೋಜನ್ ಡೈಆಕ್ಸೈಡ್ ಎಂಬ ಅನುಪಾತ ಎಲ್ಲೆಡೆ ಒಂದೇ ಅಲ್ಲ. ಚಿಮಣಿಗೆ ಶುದ್ಧೀಕರಣ ಯಂತ್ರ ಹಾಕಿದ ಮರುದಿನವೇ ನೈಟ್ರೋಜನ್ ಡೈಆಕ್ಸೈಡ್ ಕುಸಿಯುತ್ತದೆ, ಇಂಗಾಲದ ಡೈಆಕ್ಸೈಡ್ ಅಷ್ಟೇ ಇರುತ್ತದೆ.

ಜನರ ಉಸಿರೂ ಲೆಕ್ಕಕ್ಕೆ ಬರುತ್ತದೆಯೇ?

ದೇಶದ ವರದಿಯಲ್ಲಿ ಬರುವುದಿಲ್ಲ. ನಾವು ಉಸಿರಿನಲ್ಲಿ ಬಿಡುವ ಇಂಗಾಲ ಬೆಳೆ ಗಾಳಿಯಿಂದಲೇ ತೆಗೆದುಕೊಂಡದ್ದು. ಉಪಗ್ರಹಕ್ಕೆ ಆ ಭೇದ ತಿಳಿಯದು. ಒಂದು ದೇಶ ಧಾನ್ಯ ಬೆಳೆದು ರಫ್ತು ಮಾಡಿದರೆ ಅಲ್ಲಿ ಹೀರಿಕೆಯಾದಂತೆ ಕಾಣುತ್ತದೆ, ಉಂಡ ದೇಶದಲ್ಲಿ ಹೊರಸೂಸಿದಂತೆ ಕಾಣುತ್ತದೆ. ಆದ್ದರಿಂದ ಹೋಲಿಕೆಗೆ ಮುನ್ನ ಧಾನ್ಯ, ಮರಮಟ್ಟಿನ ವ್ಯಾಪಾರವನ್ನೂ ನದಿಗಳು ಕಡಲಿಗೆ ಒಯ್ಯುವ ಇಂಗಾಲವನ್ನೂ ಸರಿದೂಗಿಸಬೇಕಾಗುತ್ತದೆ.

ಒಂದೊಂದೇ ವಿದ್ಯುತ್ ಸ್ಥಾವರವನ್ನಾದರೂ ಅಳೆಯಬಹುದೇ?

ಅಳೆಯಬಹುದು, ಮತ್ತು ಈ ಕ್ಷೇತ್ರದ ಅತ್ಯಂತ ಭರವಸೆಯ ಭಾಗ ಇದೇ ಎಂದು ನನ್ನ ಅಭಿಪ್ರಾಯ. ವರ್ಷಕ್ಕೆ ಮೂರು ಕೋಟಿ ಟನ್ ಬಿಡುವ ದೊಡ್ಡ ಕಲ್ಲಿದ್ದಲು ಸ್ಥಾವರದಿಂದ ಸೆಕೆಂಡಿಗೆ ಸುಮಾರು 950 ಕಿಲೋ ಅನಿಲ ಹೊರಬೀಳುತ್ತದೆ. ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್, ಹೊಗೆಯ ಬಾಲದ ಅಗಲ ಎರಡು ಕಿ.ಮೀ. ಎಂದಾದರೆ ಬಾಲದೊಳಗಿನ ಏರಿಕೆ ಸುಮಾರು 6 ಪಿಪಿಎಂ. ಇಡೀ ದೇಶದ 0.4 ಪಿಪಿಎಂಗೆ ಹೋಲಿಸಿ ನೋಡಿ. ಹೊಗೆ ಹತ್ತು ಕಿ.ಮೀ. ಅಗಲಕ್ಕೆ ಹರಡಿದ ಮೇಲೂ ಒಂದು ಪಿಪಿಎಂಗಿಂತ ಹೆಚ್ಚು ಉಳಿಯುತ್ತದೆ.

ಉಪಗ್ರಹದ ಪಟ್ಟಿ ಆ ಬಾಲವನ್ನು ಅಡ್ಡಲಾಗಿ ಕತ್ತರಿಸಿದರೆ, ಏರಿಕೆಯನ್ನು ಅಗಲದುದ್ದಕ್ಕೂ ಕೂಡಿಸಿ ಗಾಳಿಯ ವೇಗದಿಂದ ಗುಣಿಸಿದರೆ ಸಾಕು, ಹೊರಸೂಸುವಿಕೆಯ ದರ ಸಿಗುತ್ತದೆ. ಮೊದಲೇ ಇಟ್ಟುಕೊಂಡ ಅಂದಾಜಿನ ಹಂಗು ಇಲ್ಲಿಲ್ಲ. 2017ರಲ್ಲಿ ಓಸಿಒ-2 ಅಳತೆಗಳಿಂದ ಹೀಗೆ ಒಂದೊಂದೇ ಸ್ಥಾವರದ ಹೊರಸೂಸುವಿಕೆಯನ್ನು ಲೆಕ್ಕ ಹಾಕಿ ತೋರಿಸಲಾಯಿತು. ನಂತರ ಪೋಲೆಂಡಿನ ಬೆಲ್ಹಾತುಫ್, ಅಂದರೆ ಯುರೋಪಿನ ಅತಿ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮೇಲೆ ಓಸಿಒ-2 ಮತ್ತು ಓಸಿಒ-3 ಹಲವು ವರ್ಷ ತೆಗೆದ ಅಳತೆಗಳನ್ನು ಒಟ್ಟುಗೂಡಿಸಿದರು. ಅಲ್ಲಿ ವಿದ್ಯುತ್ ಉತ್ಪಾದನೆ ಇಳಿಯುತ್ತಾ ಬಂದದ್ದು ಆಕಾಶದಿಂದ ತೆಗೆದ ಲೆಕ್ಕದಲ್ಲೂ ಕಂಡಿತು.

ಮಿತಿಗಳೂ ಸ್ಪಷ್ಟವಾಗಿವೆ. ಗಾಳಿಯ ವೇಗದಲ್ಲಿ ಶೇಕಡಾ 20 ತಪ್ಪಿದರೆ ಉತ್ತರದಲ್ಲೂ ಅಷ್ಟೇ ತಪ್ಪು. ಸಿಗುವುದು ಒಂದು ಕ್ಷಣದ ದರ. ಮಧ್ಯಾಹ್ನ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿದ್ದ ಘಟಕ ಮಧ್ಯರಾತ್ರಿ ಅರ್ಧಕ್ಕೆ ಇಳಿದಿರಬಹುದು. ವರ್ಷದ ಮೊತ್ತಕ್ಕೆ ಏರಿಸಲು ಗಂಟೆಗಂಟೆಯ ವಿದ್ಯುತ್ ಉತ್ಪಾದನೆಯ ದಾಖಲೆ ಬೇಕು. ಆ ದಾಖಲೆ ಇರುವುದು ಮತ್ತೆ ನೆಲದ ಮೇಲಿನ ಕಚೇರಿಯಲ್ಲೇ.

ಗಾಳಿಯ ಅಳತೆಯಿಂದ ಯಾರಾದರೂ ಸಿಕ್ಕಿಬಿದ್ದದ್ದು ಉಂಟೇ?

ಉಂಟು, ಆದರೆ ಅನಿಲ ಬೇರೆ, ಅಳೆದದ್ದೂ ಉಪಗ್ರಹವಲ್ಲ. ಓಜೋನ್ ಪದರವನ್ನು ಕೊರೆಯುವ ಸಿಎಫ್‌ಸಿ-11 ಉತ್ಪಾದನೆ ಮಾಂಟ್ರಿಯಲ್ ಒಡಂಬಡಿಕೆಯಂತೆ 2010ರ ಹೊತ್ತಿಗೆ ನಿಲ್ಲಬೇಕಿತ್ತು. ನಿಂತಿದೆ ಎಂದೇ ದೇಶಗಳು ವರದಿ ಮಾಡಿದ್ದವು. ಆದರೆ ಗಾಳಿಯಲ್ಲಿ ಅದು ಇಳಿಯಬೇಕಾದಷ್ಟು ವೇಗವಾಗಿ ಇಳಿಯುತ್ತಿಲ್ಲ, ಯಾರೋ ಹೊಸದಾಗಿ ಬಿಡುತ್ತಿದ್ದಾರೆ ಎಂದು 2018ರಲ್ಲಿ ಒಂದು ಅಧ್ಯಯನ ತೋರಿಸಿತು. ದಕ್ಷಿಣ ಕೊರಿಯಾದ ಗೋಸಾನ್ ಮತ್ತು ಜಪಾನಿನ ಹತೆರುಮಾ ಕೇಂದ್ರಗಳ ಅಳತೆಗಳಿಂದ, ಏರಿಕೆಯ ದೊಡ್ಡ ಪಾಲು ಪೂರ್ವ ಚೀನಾದ ಶಾನ್‌ಡಾಂಗ್ ಮತ್ತು ಹೆಬೈ ಪ್ರಾಂತ್ಯಗಳ ಸುತ್ತಮುತ್ತಲಿಂದ ಬರುತ್ತಿದೆ ಎಂದು 2019ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ನಂತರ ಹೊರಸೂಸುವಿಕೆ ಮತ್ತೆ ಇಳಿಯಿತು.

ಆ ಅನಿಲಕ್ಕೆ ಸ್ವಾಭಾವಿಕ ಮೂಲವೇ ಇಲ್ಲ, ಕಾಡು ಅದನ್ನು ಉಸಿರಾಡುವುದಿಲ್ಲ. ಅದಕ್ಕೇ ಕೆಲಸ ಅಷ್ಟು ಚೊಕ್ಕವಾಗಿ ನಡೆಯಿತು. ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್ ತಮ್ಮ ವರದಿಯ ಜೊತೆಯಲ್ಲೇ ಗಾಳಿಯ ಅಳತೆಗಳ ಹೋಲಿಕೆಯನ್ನು ಕೊಡುವುದೂ ಮುಖ್ಯವಾಗಿ ಇಂಥ ಕೈಗಾರಿಕಾ ಅನಿಲಗಳು, ಮೀಥೇನ್, ನೈಟ್ರಸ್ ಆಕ್ಸೈಡುಗಳಿಗೆ. ಕಾರಿನ ಎಸಿಯಲ್ಲಿ ಬಳಸುವ ಎಚ್‌ಎಫ್‌ಸಿ-134ಎ ಅನಿಲವನ್ನು ಬ್ರಿಟನ್ನಿನ ಲೆಕ್ಕಪಟ್ಟಿ ಗಾಳಿಯಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತಿತ್ತು. ಆ ಹೋಲಿಕೆ ಅಲ್ಲಿನ ಲೆಕ್ಕದ ಊಹೆಗಳನ್ನು ಮರುಪರಿಶೀಲನೆಗೆ ತಂದಿತು.

ಮೀಥೇನ್ ಸೋರಿಕೆಯನ್ನು ಉಪಗ್ರಹ ಹಿಡಿಯುತ್ತದಲ್ಲ?

ಹಿಡಿಯುತ್ತದೆ, ಚೆನ್ನಾಗಿಯೇ. ಗಾಳಿಯಲ್ಲಿ ಮೀಥೇನ್ ಇರುವುದೇ ಸುಮಾರು 1.9 ಪಿಪಿಎಂ, ಕೊಳವೆ ಒಡೆದರೆ ಆ ಜಾಗ ಎದ್ದು ಕಾಣುತ್ತದೆ. ಆ ಯಶಸ್ಸನ್ನು ಇಂಗಾಲದ ಡೈಆಕ್ಸೈಡಿಗೂ ಹಾಗೆಯೇ ಅನ್ವಯಿಸುವುದು ತಪ್ಪು.

ಕಾಡಿನ ಲೆಕ್ಕದಲ್ಲಿ ಉಪಗ್ರಹಕ್ಕೆ ಹೆಚ್ಚಿನ ಪಾತ್ರ ಇದೆಯೇ?

ಇದೆ, ಬಹಳ ಹಿಂದಿನಿಂದಲೂ. ಇಲ್ಲಿ ಉಪಗ್ರಹ ನೋಡುವುದು ಗಾಳಿಯನ್ನಲ್ಲ, ಮರವನ್ನು. ಬ್ರೆಜಿಲ್ 1988ರಿಂದಲೂ ಪ್ರೋಡೆಸ್ ಎಂಬ ಯೋಜನೆಯಲ್ಲಿ ಅಮೆಜಾನ್ ಕಾಡಿನ ನಾಶವನ್ನು ಉಪಗ್ರಹ ಚಿತ್ರಗಳಿಂದ ವರ್ಷವರ್ಷವೂ ಅಳೆಯುತ್ತಿದೆ. 2025ರ ಏಪ್ರಿಲ್‌ನಲ್ಲಿ ಹಾರಿದ ಯುರೋಪಿನ ಬಯೋಮಾಸ್ ಉಪಗ್ರಹ ರಾಡಾರಿನಿಂದ ಎಲೆಗಳ ಹೊದಿಕೆಯನ್ನು ತೂರಿ ಕಾಂಡಕೊಂಬೆಗಳ ಇಂಗಾಲವನ್ನು ಅಂದಾಜಿಸಲು ಹೊರಟಿದೆ. ದೇಶಗಳ ವರದಿಯಲ್ಲಿ ಅತಿ ಹೆಚ್ಚು ಅನಿಶ್ಚಿತತೆ ಇರುವುದು ಈ ಭಾಗದಲ್ಲೇ ಆದ್ದರಿಂದ ತಪಾಸಣೆಯ ಹಣ, ಶ್ರಮ ಮೊದಲು ಇಲ್ಲಿಗೆ ಹೋಗಬೇಕು. ಚಿಮಣಿಯ ಚಿತ್ರ ಸುದ್ದಿಯಾಗುತ್ತದೆ, ಕಾಡಿನ ಕೋಷ್ಟಕ ಆಗುವುದಿಲ್ಲ, ಅಷ್ಟೇ.

ಇಲ್ಲಿ ಒಂದು ವಿಚಿತ್ರ ತೊಡಕಿದೆ. ವರದಿಯಲ್ಲಿ ದೇಶಗಳು ಮನುಷ್ಯನ ನಿರ್ವಹಣೆಯಲ್ಲಿರುವ ನೆಲದ ಲೆಕ್ಕವನ್ನಷ್ಟೇ ಕೊಡುತ್ತವೆ. ಯಾವ ನೆಲ ನಿರ್ವಹಣೆಯಲ್ಲಿದೆ ಎಂದು ಹೇಳುವುದು ಆಯಾ ದೇಶವೇ. ಅಂಥ ಕಾಡು ಸ್ವಾಭಾವಿಕವಾಗಿ ಹೀರಿಕೊಂಡದ್ದೂ ದೇಶದ ಸಾಧನೆಯ ಖಾತೆಗೆ ಸೇರುತ್ತದೆ. ವಿಜ್ಞಾನಿಗಳ ಜಾಗತಿಕ ಮಾದರಿಗಳು ಬೇರೆ ರೀತಿ ವಿಂಗಡಿಸುತ್ತವೆ. ಇವೆರಡರ ನಡುವೆ ವರ್ಷಕ್ಕೆ ಸುಮಾರು 400 ಕೋಟಿ ಟನ್ ಅಂತರವಿದೆ ಎಂದು 2018ರ ಅಧ್ಯಯನವೊಂದು ತೋರಿಸಿತು. ಜಗತ್ತಿನ ಪಳೆಯುಳಿಕೆ ಇಂಧನದ ವಾರ್ಷಿಕ ಹೊರಸೂಸುವಿಕೆ ಸುಮಾರು 3,700 ಕೋಟಿ ಟನ್ ಎಂಬುದನ್ನು ನೆನೆದರೆ ಈ ಅಂತರದ ಗಾತ್ರ ತಿಳಿಯುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಯಾರ ಅಳತೆಯೂ ತಪ್ಪಿಲ್ಲ. ಲೆಕ್ಕದ ಗಡಿಗಳೇ ಬೇರೆ. ಎಷ್ಟು ಉಪಗ್ರಹ ಹಾರಿಸಿದರೂ ಈ ಅಂತರ ಮುಚ್ಚುವುದಿಲ್ಲ.

2020ರ ಲಾಕ್‌ಡೌನ್ ಆಕಾಶದಿಂದ ಕಾಣಿಸಲಿಲ್ಲವೇ?

ನೈಟ್ರೋಜನ್ ಡೈಆಕ್ಸೈಡಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಆ ನಕ್ಷೆಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಇಂಗಾಲದ ಡೈಆಕ್ಸೈಡಿನ ಕತೆ ಬೇರೆ. ಆ ವರ್ಷ ಜಾಗತಿಕ ಹೊರಸೂಸುವಿಕೆ ಶೇಕಡಾ 5ರಷ್ಟು, ಅಂದರೆ ಸುಮಾರು 200 ಕೋಟಿ ಟನ್ ಇಳಿಯಿತು. 780 ಕೋಟಿ ಟನ್ನಿಗೆ ಒಂದು ಪಿಪಿಎಂ ಎಂಬ ಲೆಕ್ಕದಲ್ಲಿ ಇದು ಹೆಚ್ಚೆಂದರೆ ಕಾಲು ಪಿಪಿಎಂ. ಕಾಡು ಮತ್ತು ಕಡಲಿನ ಏರುಪೇರಿನಿಂದಲೇ ವರ್ಷದಿಂದ ವರ್ಷಕ್ಕೆ ಒಂದು ಪಿಪಿಎಂನಷ್ಟು ವ್ಯತ್ಯಾಸವಾಗುತ್ತದೆ. ಆ ಸದ್ದಿನ ನಡುವೆ ಇಳಿಕೆಯ ಗುರುತನ್ನು ಹೆಕ್ಕಿ ತೆಗೆಯಲು ಸಂಶೋಧಕರು ಸಾಕಷ್ಟು ಹೆಣಗಬೇಕಾಯಿತು. ಇತಿಹಾಸದ ಅತಿ ದೊಡ್ಡ ವಾರ್ಷಿಕ ಇಳಿಕೆಯ ಪಾಡೇ ಹೀಗಾದರೆ, ಒಂದು ದೇಶ ತನ್ನ ವರದಿಯಲ್ಲಿ ಶೇಕಡಾ 3 ಮರೆಮಾಚಿದ್ದನ್ನು ಹಿಡಿಯುವ ಮಾತು ಸದ್ಯಕ್ಕೆ ದೂರ.

ಕ್ಲೈಮೇಟ್ ಟ್ರೇಸ್‌ನಂಥ ಸಂಸ್ಥೆಗಳು ಪ್ರತಿ ಕಾರ್ಖಾನೆಯ ಲೆಕ್ಕ ಕೊಡುತ್ತವಲ್ಲ?

ಕೊಡುತ್ತವೆ. ಆದರೆ ಅಲ್ಲಿ ಹೆಚ್ಚಾಗಿ ನೋಡುವುದು ಅನಿಲವನ್ನಲ್ಲ, ಚಟುವಟಿಕೆಯ ಕುರುಹುಗಳನ್ನು: ಶೀತಲೀಕರಣ ಗೋಪುರದಿಂದ ಏಳುವ ಆವಿ, ಕುಲುಮೆಯ ಶಾಖ ಮುಂತಾದವು. ಅವುಗಳಿಂದ ಘಟಕ ಓಡುತ್ತಿದೆಯೇ ಎಂದು ಯಂತ್ರಕಲಿಕೆಯ ಮೂಲಕ ಅಂದಾಜಿಸಿ, ಗುಣಾಂಕದಿಂದ ಗುಣಿಸುತ್ತಾರೆ. ಅಂದರೆ ದೇಶಗಳು ಮಾಡುವ ಲೆಕ್ಕವನ್ನೇ ಬೇರೆ ದಾರಿಯಿಂದ ಮಾಡುವುದು. ಅಂಕಿಅಂಶ ಬಚ್ಚಿಡುವ ಕಡೆ ಇದು ನಿಜಕ್ಕೂ ಉಪಯುಕ್ತ.

ವರದಿಗೂ ಅಳತೆಗೂ ತಾಳೆಯಾಗದಿದ್ದರೆ ದೇಶಕ್ಕೆ ದಂಡ ಬೀಳುತ್ತದೆಯೇ?

ಇಲ್ಲ. 13ನೇ ವಿಧಿಯೇ ಹೇಳುವಂತೆ ಈ ಪಾರದರ್ಶಕತೆಯ ವ್ಯವಸ್ಥೆ ಸಹಾಯಕವಾಗಿರಬೇಕು, ಅತಿಕ್ರಮಣವಾಗಬಾರದು, ಶಿಕ್ಷಿಸುವಂತಿರಬಾರದು, ದೇಶಗಳ ಸಾರ್ವಭೌಮತೆಯನ್ನು ಗೌರವಿಸಬೇಕು. ಪರಿಣತರ ತಂಡವೊಂದು ವರದಿಯನ್ನು ಪರಿಶೀಲಿಸುತ್ತದೆ, ಪ್ರಶ್ನೆ ಕೇಳುತ್ತದೆ, ಸುಧಾರಣೆ ಸೂಚಿಸುತ್ತದೆ. ಐದು ವರ್ಷಕ್ಕೊಮ್ಮೆ ನಡೆಯುವ ಜಾಗತಿಕ ಅವಲೋಕನದಲ್ಲಿ ಎಲ್ಲ ದೇಶಗಳ ಒಟ್ಟು ಪ್ರಗತಿಯನ್ನು ನೋಡುತ್ತಾರೆ. ಮೊದಲನೆಯದು 2023ರಲ್ಲಿ ದುಬೈನಲ್ಲಿ ಮುಗಿಯಿತು, ಮುಂದಿನದು 2028ಕ್ಕೆ. ಅಲ್ಲಿ ಉಪಗ್ರಹದ ದತ್ತಾಂಶಕ್ಕೆ ಜಾಗವಿದೆ, ಆದರೆ ಅದು ಒಂದು ದೇಶದತ್ತ ಬೆರಳು ತೋರಿಸುವ ವೇದಿಕೆಯಲ್ಲ. ಈ ಮೃದುತನವನ್ನು ಟೀಕಿಸುವವರಿದ್ದಾರೆ. ಇದಿಲ್ಲದಿದ್ದರೆ ಹಲವು ದೇಶಗಳು ಸಹಿಯನ್ನೇ ಹಾಕುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮುಂದೆ ಪರಿಸ್ಥಿತಿ ಸುಧಾರಿಸುತ್ತದೆಯೇ?

ಯುರೋಪಿನ ಕೋಪರ್ನಿಕಸ್ ಕಾರ್ಯಕ್ರಮದ ಸಿಒ2ಎಂ ಉಪಗ್ರಹಗಳ ಮೇಲೆ ಎಲ್ಲರ ಕಣ್ಣಿದೆ. ಮನುಷ್ಯನಿಂದಾಗುವ ಹೊರಸೂಸುವಿಕೆಯನ್ನು ಗುರಿಯಾಗಿಟ್ಟುಕೊಂಡೇ ರೂಪಿಸಿದ ಸರಣಿ ಅದು. ಪಟ್ಟಿಯ ಅಗಲ 10 ಕಿ.ಮೀ. ಅಲ್ಲ, 250 ಕಿ.ಮೀ.ಗೂ ಹೆಚ್ಚು. ಚಿತ್ರದ ಒಂದೊಂದು ಚೌಕ ಎರಡು ಕಿ.ಮೀ., ಗುರಿಯಿಟ್ಟ ನಿಖರತೆ 0.7 ಪಿಪಿಎಂ. ಅದೇ ಉಪಗ್ರಹದಲ್ಲೇ ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ಉಪಕರಣ, ದೂಳಿನ ಕಣಗಳನ್ನೂ ಮೋಡವನ್ನೂ ಗುರುತಿಸುವ ಉಪಕರಣಗಳು ಇರುತ್ತವೆ. ಹೊಗೆಯ ಬಾಲವನ್ನು ಪಟ್ಟಿಯಾಗಿ ಕತ್ತರಿಸಿ ನೋಡುವ ಬದಲು ಇಡಿಯಾಗಿ ನೋಡಬಹುದು. ದೊಡ್ಡ ಸ್ಥಾವರಗಳು, ದೊಡ್ಡ ನಗರಗಳ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ವಿಶ್ವ ಹವಾಮಾನ ಸಂಸ್ಥೆ 2023ರಲ್ಲಿ ಒಪ್ಪಿಗೆ ಕೊಟ್ಟ ಜಾಗತಿಕ ಹಸಿರುಮನೆ ಅನಿಲ ನಿಗಾ ಯೋಜನೆ ಉಪಗ್ರಹ, ನೆಲದ ಕೇಂದ್ರ, ಮಾದರಿ ಮೂರನ್ನೂ ಒಂದೇ ವ್ಯವಸ್ಥೆಗೆ ತರಲು ಯತ್ನಿಸುತ್ತಿದೆ.

ಆತಂಕವೂ ಇದೆ. 2025ರಲ್ಲಿ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಓಸಿಒ ಯೋಜನೆಗಳನ್ನೇ ಕೊನೆಗೊಳಿಸುವ ಮಾತಾಡಿತು. ದೇಶದ ವರದಿಯ ತಪಾಸಣೆಗೆ ಒಂದು ಒಳ್ಳೆಯ ವರ್ಷದ ಅಳತೆ ಸಾಲದು, ಮುರಿಯದ ಸರಣಿ ಬೇಕು. ಒಂದು ಉಪಗ್ರಹ ನಿಂತು ಇನ್ನೊಂದು ಬರುವ ನಡುವೆ ಖಾಲಿ ಬಿದ್ದರೆ ಎರಡರ ಅಳತೆಯನ್ನು ಒಂದಕ್ಕೊಂದು ಹೊಂದಿಸುವ ಅವಕಾಶವೇ ತಪ್ಪುತ್ತದೆ.

'ಉಪಗ್ರಹ ಬಯಲು ಮಾಡಿತು' ಎಂಬ ಸುದ್ದಿ ಕಂಡರೆ ಏನನ್ನು ಗಮನಿಸಬೇಕು?

ಮೊದಲು ಯಾವ ಅನಿಲ ಎಂದು ನೋಡಿ; ಅರ್ಧ ಸುದ್ದಿಗಳು ಮೀಥೇನ್ ಅಥವಾ ನೈಟ್ರೋಜನ್ ಡೈಆಕ್ಸೈಡಿನವು. ಇಂಗಾಲದ ಡೈಆಕ್ಸೈಡೇ ಆದರೆ ಅದು ಒಂದು ಸ್ಥಾವರದ್ದೋ ಇಡೀ ದೇಶದ್ದೋ ಎಂಬುದು ಮುಂದಿನ ಪ್ರಶ್ನೆ. ದೇಶದ್ದಾದರೆ ಪಳೆಯುಳಿಕೆ ಇಂಧನದ ಪಾಲನ್ನು ಅಳತೆಯಿಂದ ಹೊರತೆಗೆದರೋ, ಮೊದಲೇ ಒಪ್ಪಿಕೊಂಡರೋ ಎಂದು ಮೂಲ ಅಧ್ಯಯನದಲ್ಲಿ ಹುಡುಕಿ. ದೋಷದ ವ್ಯಾಪ್ತಿಯನ್ನು ಹೇಳದ ಸಂಖ್ಯೆಯನ್ನು ನಾನಂತೂ ಬದಿಗಿಡುತ್ತೇನೆ.

ಈ ದತ್ತಾಂಶ ಸಾಮಾನ್ಯರಿಗೂ ಸಿಗುತ್ತದೆಯೇ?

ಸಿಗುತ್ತದೆ. ನಾಸಾ, ಜಪಾನಿನ ರಾಷ್ಟ್ರೀಯ ಪರಿಸರ ಅಧ್ಯಯನ ಸಂಸ್ಥೆ ಮತ್ತು ಕೋಪರ್ನಿಕಸ್ ತಮ್ಮ ಅಳತೆಗಳನ್ನು ಉಚಿತವಾಗಿ ಕೊಡುತ್ತವೆ. ಓಸಿಒ-2 ಕಡತ ತೆರೆದವರು ನಕ್ಷೆ ಬಿಡಿಸುವ ಮೊದಲು ಗುಣಮಟ್ಟದ ಸೂಚಕದ ಕಂಬಸಾಲು ನೋಡಬೇಕು: ಅಲ್ಲಿ 0 ಇದ್ದರೆ ಅಳತೆ ಬಳಸಬಹುದು, 1 ಇದ್ದರೆ ಬಿಡಬೇಕು. ಆ ಸೋಸುವಿಕೆ ಮಾಡದೆ ಬಿಡಿಸಿದ ನಕ್ಷೆಯಲ್ಲಿ ಮೋಡದಂಚಿನ ಪ್ರತಿ ತಪ್ಪು ಅಳತೆಯೂ ಒಂದು ಗುಪ್ತ ಕಾರ್ಖಾನೆಯಂತೆ ಕಾಣುತ್ತದೆ.